ವಿಂಡೋಸ್ 7ರಾಗ ಬ್ರೌಸರ್ ಅಪ್ಡೇಟ್ ನಿಂತೈತಿ. ಹೊಸ ಡಿಸೈನ್ ಬ್ಯಾಡ, ಸೆಕ್ಯುರಿಟಿ ಅಷ್ಟ ಸಾಕು, ದಾರಿ ಐತೇನ್ರಿ?

ಹಾವೇರಿ_ಡಿಟಿಪಿ:
ಎಲ್ಲಾರಿಗೂ ನಮಸ್ಕಾರ್ರೀ. ನಂದು ಸಣ್ಣ ಡಿಟಿಪಿ ಅಂಗಡಿ, ಲಗ್ನಪತ್ರಿಕಿ, ಬಿಲ್ ಬುಕ್, ಜಾತ್ರಿ ಹ್ಯಾಂಡ್‌ಬಿಲ್, ಸೊಸೈಟಿ ವಾರ್ಷಿಕ ವರದಿ ಇಂಥಾ ಕೆಲಸ. ಮಶೀನ್ ವಿಂಡೋಸ್ 7, 32 ಬಿಟ್. ಅದರಾಗ ಪುಟ ಜೋಡಸೋ ಪೇಜ್‌ಮೇಕರ್ 7 ಐತಿ, ಹಳೇ ಆಸ್ಕಿ ಕನ್ನಡ ಫಾಂಟ್ ಅದಾವ, ಫಾಂಟ್ ಸಾಫ್ಟ್‌ವೇರ್‌ಗೆ ಒಂದು ಯುಎಸ್‌ಬಿ ಡಾಂಗಲ್ ಐತಿ, ಅದು ಚುಚ್ಚಿದ್ರ ಅಷ್ಟ ಕನ್ನಡ ಟೈಪ್ ಆಗ್ತೈತಿ. ಇಷ್ಟು ವರ್ಷ ಈ ಮಶೀನ್ ಒಂದ್ ದಿನಾನೂ ಕೈ ಕೊಟ್ಟಿಲ್ಲ. ತ್ರಾಸ ಇರೋದು ಬ್ರೌಸರಿಂದು. ಇನ್ನ ಅಪ್ಡೇಟ್ ಬರಂಗಿಲ್ಲ ಅಂತ ಮ್ಯಾಲೆ ಪಟ್ಟಿ ತೋರಸ್ತೈತಿ, ಕೆಲವೊಂದು ಸೈಟ್ ತೆರಿಯಂಗಿಲ್ಲ, ಗಿರಾಕಿ ಮೇಲ್‌ಗೆ ಮ್ಯಾಟರ್ ಕಳಸ್ತಾರ, ಅದನ್ನ ತಗೊಳ್ಳಾಕ ಇದ ಮಶೀನ್ ಬೇಕು.

ಅಂಗಡಿ ಹುಡುಗರಿಗೆ ಕೇಳಿದ್ರ ಹೊಸ ಪಿಸಿ ತಗೋರಿ, ವಿಂಡೋಸ್ 11 ಹಾಕೋಣು ಅಂತಾರ. ಡಾಂಗಲ್ ಡ್ರೈವರ್ 64 ಬಿಟ್‌ಗೆ ಇಲ್ಲ, ಮಾಡಿದ ಕಂಪನಿಯವರು ಫೋನ್ ಎತ್ತಂಗಿಲ್ಲ. ಅದೂ ಅಲ್ದ ನಂಗೆ ಹೊಸ ಡಿಸೈನ್ ಬ್ಯಾಡ್ರೀ, ಬಟನ್ ಇದ್ದಲ್ಲೇ ಇರ್ಲಿ, ಕಳ್ಳರು ಒಳಗ ಬರದಂಗ ಸೆಕ್ಯುರಿಟಿ ರಿಪೇರಿ ಅಷ್ಟ ಬಂದ್ರ ಸಾಕು. ಹಂಗ ಕೊಡೋ ಬ್ರೌಸರ್ ಯಾವ್ದಾರ ಐತೇನು? ತಿಳಿದವರು ಹೇಳ್ರಿ.

ಕರಾವಳಿ_ಕೋಡರ್:
ಉಂಟು ಸರ್, ಒಂದು ಉಂಟು. ಮೊದಲು ಪರಿಸ್ಥಿತಿ ಹೇಳ್ತೇನೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020 ಜನವರಿ 14ಕ್ಕೆ ಸಾಮಾನ್ಯ ಸಪೋರ್ಟ್ ನಿಲ್ಲಿಸಿತು, ದುಡ್ಡು ಕೊಡುವ ಕಂಪನಿಗಳಿಗೆ ಇದ್ದ ಎಕ್ಸ್‌ಟೆಂಡೆಡ್ ಅಪ್ಡೇಟ್ 2023 ಜನವರಿ 10ಕ್ಕೆ ಮುಗೀತು. ಅದೇ ತಿಂಗಳು ಬಂದ ಕ್ರೋಮ್ 109 ವಿಂಡೋಸ್ 7 ಮತ್ತೆ 8.1ಕ್ಕೆ ಕೊನೇದು, 110ರಿಂದ ವಿಂಡೋಸ್ 10 ಬೇಕೇ ಬೇಕು. ಕ್ರೋಮ್‌ನ ಮೂಲವಾದ ಕ್ರೋಮಿಯಂ ಮೇಲೆ ನಿಂತ ಎಡ್ಜ್ ಕೂಡ ಅಲ್ಲಿಗೇ ನಿಂತಿತು.

ಫೈರ್‌ಫಾಕ್ಸ್‌ನದ್ದು ಸ್ವಲ್ಪ ಬೇರೆ. 2023 ಜುಲೈಯಲ್ಲಿ ಬಂದ 115 ವಿಂಡೋಸ್ 7, 8, 8.1ಕ್ಕೆ ಕೊನೇ ದೊಡ್ಡ ವರ್ಶನ್, ಆದ್ರೆ ಅದರ ಇಎಸ್ಆರ್ ಅಂತ ಒಂದು ಸಾಲು ಉಂಟು. ಅದ್ರಲ್ಲಿ ಹೊಸ ಫೀಚರ್ ಇಲ್ಲ, ರೂಪ ಬದಲಾಗೋದಿಲ್ಲ, ಹೊಸ ವರ್ಶನ್‌ನಲ್ಲಿ ಸಿಕ್ಕಿದ ಸೆಕ್ಯುರಿಟಿ ತೂತುಗಳ ರಿಪೇರಿಯನ್ನು ಹಿಂದಕ್ಕೆ ತಂದು ಹಾಕ್ತಾರೆ ಅಷ್ಟೇ. ನೀವು ಕೇಳಿದ್ದು ಸರಿಯಾಗಿ ಅದನ್ನೇ. ಮಾಮೂಲು ಇಎಸ್ಆರ್ ಸುಮಾರು ಒಂದು ವರ್ಷಕ್ಕೆ ಮುಗೀತದೆ, ಇದ್ರದ್ದು ಹಳೇ ಮಶೀನ್‌ನವರು ತುಂಬ ಜನ ಇದ್ದಾರೆ ಅಂತ ಗಡುವು ಮತ್ತೆ ಮತ್ತೆ ಮುಂದೆ ಹೋಗಿದೆ. ಶಾಶ್ವತ ಅಂತ ಮಾತ್ರ ತಿಳ್ಕೊಳ್ಬೇಡಿ, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಸಪೋರ್ಟ್ ಪುಟದಲ್ಲಿ ಈಗಿನ ಗಡುವು ನೋಡ್ಕೊಳ್ಳಿ. ಹಳೇ ಮ್ಯಾಕ್ ಇದ್ದವರಿಗೂ ಇದೇ 115, 10.12ರಿಂದ 10.14ರವರೆಗೆ ನಡೀತದೆ.

ಇನ್ನೊಂದು ಮುಖ್ಯ. ಯಾರಾದ್ರೂ ಪೆನ್‌ಡ್ರೈವ್‌ನಲ್ಲಿ ಹಳೇ 115 ಇನ್‌ಸ್ಟಾಲರ್ ಕೊಟ್ರೆ ಅದನ್ನೇ ಹಾಕಿ ಸುಮ್ಮನಿರ್ಬೇಡಿ. 2025 ಮಾರ್ಚ್ 14ಕ್ಕೆ ಮೊಜಿಲ್ಲಾದ ಒಂದು ರೂಟ್ ಸರ್ಟಿಫಿಕೇಟ್ ಅವಧಿ ಮುಗೀತು, 115.13ಕ್ಕಿಂತ ಹಳೇದು ಇದ್ರೆ ಆಡ್-ಆನ್‌ಗಳು, ಅಂದ್ರೆ ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂಗಳು, ಕೆಲಸ ಮಾಡೋದಿಲ್ಲ. ಹಾಕಿದ ಕೂಡ್ಲೆ ಹೆಲ್ಪ್‌ಗೆ ಹೋಗಿ ಅಬೌಟ್ ಒತ್ತಿ, ಅದೇ ಅಪ್ಡೇಟ್ ಎಳ್ಕೊಳ್ತದೆ.

ಮೈಸೂರ್_ಲೈಬ್ರರಿ:
ಹಾವೇರಿ ಸರ್ ಬರೆದಿದ್ದು ಓದಿ ನಮ್ಮ ಗ್ರಂಥಾಲಯದ ಕಥೆನೇ ಅನ್ನಿಸ್ತು ಕಣ್ರೀ. ನಮ್ಮಲ್ಲಿ ಓದುಗರಿಗೆ ಅಂತ ನಾಲ್ಕು ಕಂಪ್ಯೂಟರ್ ಇಟ್ಟಿದೀವಿ, ಬೆಳಿಗ್ಗೆ ಬರೋರೆಲ್ಲ ನಿವೃತ್ತರು. ಒಬ್ಬರು ಮೇಷ್ಟ್ರು ಇದಾರೆ, ಮಗಳು ಹೊರದೇಶದಲ್ಲಿ, ದಿನಾ ಬಂದು ಮೇಲ್ ಬರೀತಾರೆ. ಅವರು ಬಟನ್ ಮೇಲಿರೋ ಇಂಗ್ಲಿಷ್ ಓದಿ ಒತ್ತೋದಿಲ್ಲ, ಎಡಗಡೆ ಮೇಲಿನ ಮೂಲೇಲಿ ಮೊದಲನೇದು ಹೊಸ ಮೇಲ್, ಅದರ ಪಕ್ಕದ್ದು ಕಳಿಸೋದು, ಹೀಗೆ ಜಾಗ ನೆನಪಿಟ್ಕೊಂಡು ಕಲ್ತಿದಾರೆ, ಒಂದು ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಲ್ಲಿ ಸ್ಕ್ರೀನಿನ ಚಿತ್ರ ಬರ್ಕೊಂಡಿದಾರೆ, ಎಲ್ಲಿ ಏನು ಅಂತ ಬಾಣದ ಗುರುತು ಹಾಕಿ. ಒಂದು ದಿನ ಆ ಪ್ರೋಗ್ರಾಂ ಅಪ್ಡೇಟ್ ಆಗಿ ಬಟನ್‌ಗಳೆಲ್ಲ ಬೇರೆ ಕಡೆ ಹೋದ್ವು, ಅಕ್ಷರ ಹೋಗಿ ಬರೀ ಗೆರೆ ಗೆರೆ ಚಿತ್ರ ಬಂತು. ಆ ನೋಟ್‌ಬುಕ್ ಅಲ್ಲಿಗೆ ಕೆಲಸಕ್ಕೆ ಬರದ ಹಾಗಾಯ್ತು. ಅವರು ಒಂದು ವಾರ ಮೇಲ್ ಮುಟ್ಟಲೇ ಇಲ್ಲ, ಪೇಪರ್ ಓದಿ ಎದ್ದು ಹೋಗೋರು.

ಹೊಸದು ಕಲಿಯೋದು ಒಳ್ಳೇದೇ ಅಂತ ಹೇಳ್ತಾರಲ್ಲ, ಕಲಿಯೋರಿಗೆ ಅದರಿಂದ ಏನು ಸಿಕ್ತು ಅಂತನೂ ನೋಡಬೇಕಲ್ವಾ. ಮೇಷ್ಟ್ರಿಗೆ ಮೊದಲು ಮೇಲ್ ಹೋಗ್ತಿತ್ತು, ಈಗ್ಲೂ ಮೇಲ್ ಹೋಗುತ್ತೆ, ನಡುವೆ ಅವರ ಧೈರ್ಯ ಮಾತ್ರ ಕಮ್ಮಿ ಆಯ್ತು.

ಬೆಂಗ್ಳೂರ್_ಡಿಸೈನರ್:
ಮೇಡಂ, ನಾನು ಇದೇ ಫೀಲ್ಡಲ್ಲಿ ಇರೋದು, ಆಪ್‌ಗಳ ಸ್ಕ್ರೀನ್ ಡಿಸೈನ್ ಮಾಡ್ತೀನಿ, ಸೋ ಇನ್ನೊಂದು ಕಡೆ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹಳೇ ಸಾಫ್ಟ್‌ವೇರ್ ಎಲ್ಲ 1024 ಬೈ 768 ಮಾನಿಟರ್ ಕಾಲದ್ದು, ಈಗಿನ ಲ್ಯಾಪ್‌ಟಾಪ್ ಸ್ಕ್ರೀನಲ್ಲಿ ಆ ಐಕಾನ್‌ಗಳು ಇರುವೆ ಸೈಜ್‌ಗೆ ಕಾಣುತ್ತೆ ಇಲ್ಲಾ ಮಸುಕಾಗುತ್ತೆ, ಟಚ್‌ಗೆ ಆಗಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಹಳೇ ಬಟನ್‌ಗಳ ಹೆಸರೇ ಗೊತ್ತಾಗಲ್ಲ ಎಷ್ಟೋ ಕಡೆ. ಅದನ್ನೆಲ್ಲ ಸರಿ ಮಾಡ್ಬೇಕು ಅಂದ್ರೆ ಮುಖ ಬದಲಾಗ್ಲೇಬೇಕು.

ಹಳೇ ಓಎಸ್, ಅಂದ್ರೆ ವಿಂಡೋಸ್ ಥರದ ಮೂಲ ಸಿಸ್ಟಂ, ಬಿಡೋದಕ್ಕೂ ದುರಾಸೆ ಒಂದೇ ಕಾರಣ ಅಲ್ಲ. ಪ್ರತಿ ರಿಲೀಸನ್ನೂ ಪ್ರತಿ ಓಎಸ್ ಮೇಲೆ ಟೆಸ್ಟ್ ಮಾಡ್ಬೇಕು. ಕೆಳಗಿರೋ ಟೂಲ್‌ಗಳೇ ಬಿಟ್ಟುಬಿಟ್ರೆ ಮೇಲಿನವರು ಏನ್ ಮಾಡ್ತಾರೆ? ಪ್ರೋಗ್ರಾಂ ಬರೆಯೋ ಪೈಥಾನ್ ಭಾಷೆ ವಿಂಡೋಸ್ 7ರಲ್ಲಿ 3.8ಕ್ಕೆ ನಿಂತಿದೆ. ರಸ್ಟ್ ಭಾಷೆ 2024 ಮೇನಲ್ಲಿ ಬಂದ 1.78ರಿಂದ ಮಾಮೂಲಿ ಟಾರ್ಗೆಟ್‌ಗಳಿಗೆ ವಿಂಡೋಸ್ 10 ಕನಿಷ್ಠ ಅಂತ ಮಾಡ್ತು, ಗೋ ಭಾಷೆ 1.21ರಿಂದ. ಎಲೆಕ್ಟ್ರಾನ್ ಅನ್ನೋ ಟೂಲ್‌ನಲ್ಲಿ ಕಟ್ಟಿದ ಚಾಟ್ ಆಪ್, ನೋಟ್ಸ್ ಆಪ್ ಇವೆಯಲ್ಲ, ಎಲೆಕ್ಟ್ರಾನ್ 22 ಆದ್ಮೇಲೆ ವಿಂಡೋಸ್ 7ಕ್ಕೆ ಬರಲ್ಲ, ಯಾಕಂದ್ರೆ ಒಳಗೆ ಕ್ರೋಮಿಯಂ ಇದೆ. ಒಂದು ಕಡೆ ಬಿಟ್ಟಿದ್ದಕ್ಕೆ ಸಾವಿರ ಪ್ರೋಗ್ರಾಂ ಬಿದ್ದೋಗುತ್ತೆ. ಆಪ್ ಮಾಡೋನು ಬೇಕು ಅಂದ್ರೂ ಉಳಿಸ್ಕೊಳ್ಳೋಕಾಗಲ್ಲ.

ಹಾವೇರಿ_ಡಿಟಿಪಿ:
ಡಿಸೈನರ್ ಸರ್, ನೀವು ಹೇಳಿದ್ದು ತಿಳೀತು, ಟೂಲ್ ಬಿಟ್ಟಿದ್ದಕ್ಕ ಆಪ್ ಬಿತ್ತು ಅನ್ನೋದು ನ್ಯಾಯಾನ ಐತಿ. ಆದ್ರ ಮೂರು ಬ್ಯಾರೆ ಬ್ಯಾರೆ ವಿಷಯನ ಒಂದ ಗಂಟು ಕಟ್ಟಿ ಕೊಡಾಕತ್ತೀರಿ ಅಲ್ರೀ. ಸೆಕ್ಯುರಿಟಿ ರಿಪೇರಿ ಒಂದು, ಹೊಸಾ ಡಿಸೈನ್ ಎರಡು, ಹಳೇ ಓಎಸ್ ಕೈ ಬಿಡೋದು ಮೂರು. ಮನಿ ಮಾಳಿಗಿ ಸೋರತೈತಿ ಅಂತ ಗೌಂಡಿನ ಕರದ್ರ ಅಂವ ಮಾಳಿಗಿ ರಿಪೇರಿ ಮಾಡಬೇಕು, ಬಾಗಿಲಾ ಕಿತ್ತು ಹಿತ್ತಲ ಕಡೆ ಇಡ್ತೀನಿ, ಇಲ್ಲಾಂದ್ರ ಮಾಳಿಗಿ ಮುಟ್ಟಂಗಿಲ್ಲ ಅಂದ್ರ ಹ್ಯಾಂಗ? ಕರಾವಳಿ ಸರ್ ಹೇಳಿದ ಇಎಸ್ಆರ್ ಐತಲ್ಲ, ಅದ ತೋರಸ್ತೈತಿ ಇವನ್ನ ಬಿಡಿಸಿ ಕೊಡಾಕ ಬರ್ತೈತಿ ಅಂತ. ಒಬ್ಬರಿಗೆ ಬರ್ತೈತಿ ಅಂದ್ಮ್ಯಾಲ ಉಳಿದವರಿಗೆ ಯಾಕ ಬರಂಗಿಲ್ಲ.

ಇವತ್ತ ಹಾಕೀನಿ 115. ತೆರಿಯಲಾರದ ಸೈಟ್ ತೆರದ್ವು. ಮ್ಯಾಲಿನ ಫೈಲ್, ಎಡಿಟ್, ವ್ಯೂ ಸಾಲು ಕಾಣವಲ್ದು, ಅದನ್ನ ಹ್ಯಾಂಗ ತರೋದು?

ಕರಾವಳಿ_ಕೋಡರ್:
ಆಲ್ಟ್ ಕೀ ಒತ್ತಿ, ಬರ್ತದೆ. ಖಾಯಂ ಬೇಕಾದ್ರೆ ಆಲ್ಟ್ ಒತ್ತಿ, ವ್ಯೂ, ಟೂಲ್‌ಬಾರ್ಸ್, ಮೆನು ಬಾರ್‌ಗೆ ಟಿಕ್ ಹಾಕಿ. ಆ ಸಾಲು 2011ರಲ್ಲಿ ಫೈರ್‌ಫಾಕ್ಸ್ 4 ಬಂದಾಗಲೇ ಅಡಗಿದ್ದು ಮಾರಾಯ್ರೆ, ಆದ್ರೆ ತೆಗೆದು ಬಿಸಾಡಲಿಲ್ಲ, ಇವತ್ತಿಗೂ ಉಂಟು. ಆಮೇಲೆ 2014ರಲ್ಲಿ 29ನೇ ವರ್ಶನ್‌ಗೆ ಟ್ಯಾಬ್ ಎಲ್ಲ ದುಂಡಗೆ ಮಾಡಿದ್ರು, 2017ರಲ್ಲಿ 57ಕ್ಕೆ ಚೌಕ ಆಯ್ತು, 2021ರಲ್ಲಿ 89ಕ್ಕೆ ತೇಲುವ ಬಟನ್ ಹಾಗೆ ಆಯ್ತು. ಇದ್ರಲ್ಲಿ 57 ನಿಜವಾಗಿ ನೋವು ಕೊಟ್ಟದ್ದು, ಯಾಕೆ ಅಂದ್ರೆ ಹಳೇ ರೂಪ ವಾಪಸ್ ತರುವ ಆಡ್-ಆನ್‌ಗಳೇ ಆ ದಿನದಿಂದ ನಡೀಲಿಲ್ಲ. ಆದ್ರೆ ಒಳಗಿನ ಕಾರಣ ಗಟ್ಟಿ ಇತ್ತು, ಹಳೇ ಆಡ್-ಆನ್ ಬ್ರೌಸರಿನ ಹೊಟ್ಟೆಗೇ ಕೈ ಹಾಕ್ತಿತ್ತು, ಅದನ್ನು ಇಟ್ಕೊಂಡು ಸ್ಪೀಡು, ಸೆಕ್ಯುರಿಟಿ ಎರಡೂ ಮಾಡುವುದು ಕಷ್ಟ.

ಮೇಲಿನ ಪಟ್ಟಿ ದಪ್ಪ ಆಯ್ತು, ಪುಟಕ್ಕೆ ಜಾಗ ಇಲ್ಲ ಅನಿಸಿದ್ರೆ ಅಡ್ರೆಸ್ ಬಾರ್‌ನಲ್ಲಿ ಅಬೌಟ್ ಕೋಲನ್ ಕಾನ್ಫಿಗ್ ಹೊಡೆದು ಕಾಂಪ್ಯಾಕ್ಟ್ ಮೋಡ್ ಅಂತ ಹುಡುಕಿ, ಟ್ರೂ ಮಾಡಿ, ಆಮೇಲೆ ಕಸ್ಟಮೈಸ್ ಟೂಲ್‌ಬಾರ್‌ನಲ್ಲಿ ಡೆನ್ಸಿಟಿ ಕಡಿಮೆ ಮಾಡ್ಲಿಕ್ಕೆ ಸಿಗ್ತದೆ. ಅದಕ್ಕೂ ಮೇಲೆ ಬೇಕಾದ್ರೆ ಬ್ರೌಸರಿನ ರೂಪ ಬದಲಿಸುವ ಯೂಸರ್‌ಕ್ರೋಮ್ ಸಿಎಸ್ಎಸ್ ಫೈಲ್ ಬರೀಬಹುದು. 69ನೇ ವರ್ಶನ್‌ನಿಂದ ಅದನ್ನು ಮಾಮೂಲಾಗಿ ಆಫ್ ಇಟ್ಟಿದ್ದಾರೆ, ಕಾನ್ಫಿಗ್‌ನಲ್ಲಿ ಆನ್ ಮಾಡ್ಬೇಕು. ಇಎಸ್ಆರ್‌ನಲ್ಲಿ ಇದ್ರೆ ಇದು ಒಳ್ಳೇದು, ಮುಖ ಬದಲಾಗದ ಕಾರಣ ಬರೆದ ಫೈಲ್ ತಿಂಗಳು ತಿಂಗಳು ಮುರಿಯೋದಿಲ್ಲ.

ಮೈಸೂರ್ ಮೇಡಂ, ನಿಮ್ಮ ಮೇಲ್ ಪ್ರೋಗ್ರಾಂ ಯಾವುದೋ ಗೊತ್ತಿಲ್ಲ, ಮೇಷ್ಟ್ರಿಗೆ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಹಾಕಿ ಕೊಡೋದಾದ್ರೆ ಅದರ ಹಣೆಬರಹ ಕೇಳಿ. ವಿಂಡೋಸ್ 7ಕ್ಕೆ ಅದರಲ್ಲೂ ಕೊನೇದು 115, ಮುಖ ಪೂರ್ತಿ ಬದಲಾದದ್ದೂ ಅದೇ 115ರಲ್ಲಿ. ಸಮಾಧಾನ ಅಂದ್ರೆ ಟೇಬಲ್ ವ್ಯೂ ಇಟ್ಕೊಳ್ಳಬಹುದು, ಕ್ಲಾಸಿಕ್ ಲೇಔಟ್ ಉಂಟು, ಟೂಲ್‌ಬಾರ್‌ನಲ್ಲಿ ಚಿತ್ರದ ಜೊತೆ ಅಕ್ಷರವನ್ನೂ ತೋರಿಸಲಿಕ್ಕೆ ಆಗ್ತದೆ. ಒಂದ್ಸಲ ಕೂತು ಮೇಷ್ಟ್ರ ನೋಟ್‌ಬುಕ್ ನೋಡಿ ಅದರ ಹಾಗೆ ಜೋಡಿಸಿ ಕೊಡಿ, ತಿರುಗಿ ಬದಲಾಗೋದಿಲ್ಲ.

ಮೈಸೂರ್_ಲೈಬ್ರರಿ:
ಇದು ಮಾಡ್ತೀನಿ, ಅಕ್ಷರ ಬರುತ್ತೆ ಅಂದ್ರೆ ಅರ್ಧ ಕಷ್ಟ ತೀರಿದ ಹಾಗೆ. ಹೊಸ ಮುಖ ಬರಲಿ ಬೇಡ ಅನ್ನಲ್ಲ, ಹಳೇದನ್ನೂ ಒಂದು ಆಯ್ಕೆ ಅಂತ ಇಡಬಹುದಲ್ವಾ. ಲಿಬ್ರೆ ಆಫೀಸ್‌ನಲ್ಲಿ ನೋಡಿ, ವ್ಯೂ ಮೆನುಲಿ ಯೂಸರ್ ಇಂಟರ್ಫೇಸ್ ಅಂತ ಇದೆ, ಹಳೇ ಟೂಲ್‌ಬಾರ್ ಬೇಕಾ, ಟ್ಯಾಬ್ ಥರದ್ದು ಬೇಕಾ, ನೀವೇ ಆರಿಸ್ಕೋಬಹುದು, ಏನೂ ಮುಟ್ಟದೆ ಇದ್ರೆ ಹಳೇದೇ ಇರುತ್ತೆ. ನಮ್ಮ ಹುಡುಗರು ಟ್ಯಾಬ್ ಇಟ್ಕೊಂಡಿದಾರೆ, ಹಿರಿಯರಿಗೆ ಹಳೇದು. ಎಂಎಸ್ ಆಫೀಸ್ 2007ರಲ್ಲಿ ರಿಬ್ಬನ್ ಅನ್ನೋ ಟ್ಯಾಬ್ ಥರದ ಪಟ್ಟಿ ಬಂದಾಗ ಹೀಗೆ ವಾಪಸ್ ಹೋಗೋ ಗುಂಡಿ ಕೊಟ್ಟಿರಲಿಲ್ಲ. ಆಗ ಕಚೇರಿಗಳಲ್ಲಿ 2003ನ್ನೇ ಎಷ್ಟೋ ವರ್ಷ ಹಿಡ್ಕೊಂಡು ಕೂತಿದ್ರು, ಸೆಕ್ಯುರಿಟಿ ಪ್ಯಾಚ್ ನಿಂತ ಮೇಲೂ. ಇದೇ ನೋಡಿ ಅಪಾಯ. ಮುಖ ಬದಲಾಗುತ್ತೆ ಅನ್ನೋ ಭಯಕ್ಕೆ ಜನ ಅಪ್ಡೇಟನ್ನೇ ಆಫ್ ಮಾಡ್ತಾರೆ, ರಿಪೇರಿನೂ ನಿಂತೋಗುತ್ತೆ.

ಬೆಂಗ್ಳೂರ್_ಡಿಸೈನರ್:
ಈ ಮಾತು ಒಪ್ಪಿದೆ ಮೇಡಂ. ಅಪ್ಡೇಟ್ ಅಂದ್ರೆ ಜನ ಹೆದರೋ ಹಾಗೆ ಮಾಡಿದ್ರೆ ಅದು ಡಿಸೈನಿನ ಸೋಲೇ. ವಿಂಡೋಸ್ 8ರಲ್ಲಿ 2012ರಲ್ಲಿ ಸ್ಟಾರ್ಟ್ ಬಟನ್ ತೆಗೆದು ಮರುವರ್ಷ 8.1ರಲ್ಲಿ ವಾಪಸ್ ಇಟ್ರು, ಅಷ್ಟು ದೊಡ್ಡ ಕಂಪನಿಗೂ ಜನರ ಕೈ ರೂಢಿ ಕಡೆಗಣಿಸೋಕೆ ಆಗಲಿಲ್ಲ. ಆಯ್ಕೆ ಕೊಡೋದು ಅಂದ್ರೆ ಡಬಲ್ ಕೆಲಸ, ಅದು ಸುಳ್ಳಲ್ಲ. ಆದ್ರೂ ಕನಿಷ್ಠ ಒಂದೆರಡು ವರ್ಷ ಹಳೇ ಮುಖ ಉಳಿಸ್ಬೇಕು, ಮತ್ತೆ ಐಕಾನ್ ಕೆಳಗೆ ಅಕ್ಷರ ತೆಗೀಬಾರದು ಅಂತ ನಾನೂ ನಮ್ಮ ಟೀಮಲ್ಲಿ ಜಗಳ ಆಡ್ತಾನೇ ಇದೀನಿ. ಲಿಬ್ರೆ ಆಫೀಸ್ ಬಗ್ಗೆ ಒಂದು ಎಚ್ಚರಿಕೆ: 25.8ರಿಂದ ವಿಂಡೋಸ್ 7, 8, 8.1 ಕೈಬಿಟ್ಟಿದಾರೆ, ಆ ಮಶೀನ್‌ಗಳಿಗೆ 25.2ರ ಸಾಲೇ ಕೊನೆ.

ಅಕ್ಷರ_ಪ್ರೇಮಿ:
ತಡವಾಗಿ ಬಂದೆ. ಎಲ್ಲರೂ ಬಟನ್ ಬಗ್ಗೆ ಮಾತಾಡ್ತಿದೀರಿ, ಕನ್ನಡ ಅಕ್ಷರದ ಬಗ್ಗೆನೂ ಸ್ವಲ್ಪ ಹೇಳ್ಬೇಕು, ಹಾವೇರಿಯವರ ನಿಜವಾದ ಗಂಟು ಇರೋದು ಅಲ್ಲೇ.

ಹಳೇ ಓಎಸ್‌ನಲ್ಲಿ ಕನ್ನಡ ಕಾಣೋದು ಒಂದು ದೊಡ್ಡ ಸಾಹಸವೇ ಆಗಿತ್ತು. ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂತು, ಆದ್ರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಟಿಕ್ ಹಾಕಿ ವಿಂಡೋಸ್ ಸಿಡಿ ಹಾಕದೆ ಒತ್ತಕ್ಷರ ಕೆಳಗೆ ಕೂರ್ತಿರಲಿಲ್ಲ, ಪಕ್ಕಕ್ಕೆ ನಿಂತು ಬಿಡೋದು. ಅಕ್ಷರ ಜೋಡಿಸೋ ಕೆಲಸ ಮಾಡ್ತಿದ್ದಿದ್ದು ವಿಂಡೋಸಿನ ಯೂನಿಸ್ಕ್ರೈಬ್, ಅದು ಹಳೇದಾದ್ರೆ ಅದರ ಮೇಲೆ ನಿಂತ ಪ್ರೋಗ್ರಾಂಗಳಲ್ಲೆಲ್ಲ ಅರ್ಕಾವೊತ್ತು ಎಡವಟ್ಟು. ಫೈರ್‌ಫಾಕ್ಸ್, ಕ್ರೋಮ್ ಎರಡೂ ಈಗ ಹಾರ್ಫ್‌ಬಜ್ ಅನ್ನೋ ತಮ್ಮದೇ ಜೋಡಣೆ ಎಂಜಿನ್ ಇಟ್ಕೊಂಡಿವೆ, ಲಿಬ್ರೆ ಆಫೀಸ್ 2017ರಲ್ಲಿ 5.3ಕ್ಕೆ ಅದಕ್ಕೇ ಬಂತು. ಅದಕ್ಕೇ ಹಳೇ ವಿಂಡೋಸ್‌ನಲ್ಲೂ ಹೊಸ ಬ್ರೌಸರಿನ ಒಳಗೆ ಕನ್ನಡ ಚೆಂದ ಕಾಣುತ್ತೆ, ಅದೇ ಮಶೀನಿನ ನೋಟ್‌ಪ್ಯಾಡಲ್ಲಿ ಬೇರೆ ಥರ ಕಂಡ್ರೂ. ಮುಖ ಬದಲಾಗದೆ ಒಳಗೆ ಆದ ಇಂಥ ಕೆಲಸಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಕನ್ನಡಕ್ಕೆ ಅದರಿಂದ ಆದ ಉಪಕಾರ ಸಣ್ಣದಲ್ಲ.

ಹೊಸ ವಿಂಡೋಸ್‌ಗೆ ಹೋದವರು ಒಂದು ಗಮನಿಸಿ, ವಿಂಡೋಸ್ 8ರಿಂದ ಕನ್ನಡಕ್ಕೆ ನಿರ್ಮಲಾ ಯುಐ ಇದೆ, ವಿಂಡೋಸ್ 10ರಲ್ಲಿ ತುಂಗಾವನ್ನ ಬೇಕಾದ್ರೆ ಹಾಕ್ಕೊಳ್ಳಿ ಅಂತ ಆಪ್ಷನಲ್ ಫೀಚರ್‌ಗೆ ತಳ್ಳಿದಾರೆ. ತುಂಗಾದಲ್ಲಿ ಮಾಡಿದ ಹಳೇ ಫೈಲ್ ತೆರೆದ್ರೆ ಸಾಲು ಪುಟ ಎಲ್ಲ ಸರಿದು ಹೋಗುತ್ತೆ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿದ ಕೂಡ್ಲೆ ಸರಿ ಹೋಗುತ್ತೆ.

ಇನ್ನು ಹಾವೇರಿ ಸರ್, ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದಕ್ಕೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡೋ ಯೂನಿಕೋಡ್ ಗೊತ್ತೇ ಇಲ್ಲ. ನಿಮ್ಮ ಹಳೇ ಫೈಲ್‌ಗಳಲ್ಲಿ ಇರೋದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿದ ಕನ್ನಡದ ತುಂಡುಗಳು, ಫಾಂಟ್ ಹೋದ್ರೆ ಬರೀ ಕಸ ಕಾಣುತ್ತೆ. ಪೇಜ್‌ಮೇಕರ್ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಪೇಜ್‌ಮೇಕರ್ ಫೈಲ್ ತೆರೆಯೋದು ಸಿಎಸ್6ರವರೆಗೆ ಮಾತ್ರ, ಸಿಸಿ ವರ್ಶನ್‌ಗಳು ತೆರೆಯಲ್ಲ. ಹಾಗಾಗಿ ಸಿಎಸ್6 ಇರೋ ಮಶೀನ್ ಎಲ್ಲಾದ್ರೂ ಇದ್ರೆ ಮುಖ್ಯವಾದ ಫೈಲ್‌ಗಳನ್ನ ಈಗಲೇ ತೆರೆದು ಸೇವ್ ಮಾಡಿ ಇಡಿ, ಪಠ್ಯವನ್ನ ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿ. ಕನ್ವರ್ಟ್ ಆದ್ಮೇಲೆ ಪ್ರೂಫ್ ನೋಡ್ಲೇಬೇಕು, ಅರ್ಕಾವೊತ್ತು, ಎರಡು ಒತ್ತು ಬರೋ ಪದ, ಇಲ್ಲೇ ತಪ್ಪೋದು ಜಾಸ್ತಿ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಿದ್ರೆ ಯಾರೂ ಕನ್ವರ್ಟರನ್ನ ಬೈಯಲ್ಲ.

ಲ್ಯಾಬ್_ಇನ್ಚಾರ್ಜ್_ದಾವಣಗೆರೆ:
ನಮ್ ಕಾಲೇಜ್ ಲ್ಯಾಬಿನ ಸಂಕಟನೂ ಕೇಳಿ. ಇಲ್ಲಿ 7 ಅಲ್ಲ, ವಿಂಡೋಸ್ 10. 2025 ಅಕ್ಟೋಬರ್ 14ಕ್ಕೆ ಅದೂ ಮುಗೀತು. ಮಶೀನ್ ಎಲ್ಲ ಆರನೇ ಜನರೇಶನ್ ಐ3, ಎಸ್ಎಸ್‌ಡಿ ಹಾಕಿದ ಮೇಲೆ ಚಿಗರೆ ಹಂಗೆ ಓಡ್ತವೆ, ಆದ್ರೆ ವಿಂಡೋಸ್ 11ಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಎಂಟನೇ ಜನರೇಶನ್ ಮೇಲೆ ಇರ್ಬೇಕು ಅಂತ ರೂಲು. ಮನೆ ಬಳಕೆಯವ್ರಿಗೆ 2026 ಅಕ್ಟೋಬರ್ 13ರವರೆಗೆ ಇಎಸ್‌ಯು ಅಂತ ಸೆಕ್ಯುರಿಟಿ ಅಪ್ಡೇಟ್ ಕೊಡ್ತಿದಾರೆ, ಸಂಸ್ಥೆಗಳದ್ದು ಲೆಕ್ಕನೇ ಬೇರೆ. ಕೆಲಸ ಮಾಡೋ ಮಶೀನನ್ನ ಒಂದು ಚಿಪ್ಪಿನ ಕಾರಣಕ್ಕೆ ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ ಸರ್. ಹಳ್ಳಿಯಿಂದ ಬರೋ ಹುಡುಗ್ರು ಮೊದಲ ಸಲ ಕೀಬೋರ್ಡ್ ಮುಟ್ಟೋದೇ ಇವುಗಳ ಮೇಲೆ.

ಅರ್ಧ ಲ್ಯಾಬಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಓಎಸ್ ಹಾಕಿದೀವಿ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಕೆಳಗೆ ಪಟ್ಟಿ, ಎಡಗಡೆ ಮೆನು, ವಿಂಡೋಸ್ 7 ನೋಡಿದವರಿಗೆ ಹೊಸದು ಅನ್ಸಲ್ಲ. ಕನ್ನಡಕ್ಕೆ ಐಬಸ್ ಅನ್ನೋ ಟೈಪಿಂಗ್ ಪ್ರೋಗ್ರಾಂ ಜೊತೆ ಎಂ17ಎನ್ ಹಾಕಿದ್ರೆ ಕೆಜಿಪಿ ಕೀಬೋರ್ಡ್ ಲೇಔಟ್ ಸಿಗುತ್ತೆ, ನುಡಿ ಸಾಫ್ಟ್‌ವೇರಲ್ಲಿ ಕೈ ಕೂತವರು ಹಾಗೇ ಟೈಪ್ ಮಾಡ್ಬಹುದು.

ಹಾವೇರಿ ಸರ್, ನಿಮ್ಮ ವಿಂಡೋಸ್ 32 ಬಿಟ್ ಅಂದ ಮಾತ್ರಕ್ಕೆ ಪ್ರೊಸೆಸರ್ 32 ಬಿಟ್ ಅಂತ ಅಲ್ಲ. ಕೋರ್ 2 ಡ್ಯೂಯೋ, ಐ3 ಏನಿದ್ರೂ 64 ಬಿಟ್ಟೇ. ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ 13ನೇ ವರ್ಶನ್‌ನಿಂದ 32 ಬಿಟ್ ಇನ್‌ಸ್ಟಾಲರೇ ಇಲ್ಲ, ಅದಕ್ಕೆ ಇದು ಮೊದಲು ನೋಡ್ಕೊಳ್ಳಿ.

ಹಾವೇರಿ_ಡಿಟಿಪಿ:
ಪ್ರೊಸೆಸರ್ ನೋಡಿದೆ, ಐ3 ಐತ್ರೀ. ಲಿನಕ್ಸ್ ಹಾಕಿದ್ರ ಪೇಜ್‌ಮೇಕರ್ ಗತಿ ಏನು? ಕೆಲಸ ನಿಲ್ಲೋ ಹಂಗಿಲ್ಲ, ಈಗ ಲಗ್ನದ ಸೀಸನ್.

ಕರಾವಳಿ_ಕೋಡರ್:
ಸೀಸನ್ ಮುಗಿಯುವವರೆಗೆ ಅದೇ ಹಾರ್ಡ್‌ಡಿಸ್ಕಿಗೆ ಕೈ ಹಾಕ್ಲೇಬೇಡಿ ಸರ್. ಈಗ 115 ಇಎಸ್ಆರ್‌ನಲ್ಲಿ ನಡೆಸಿ, ಅದ್ರಲ್ಲಿ ಬ್ಯಾಂಕ್ ಕೆಲಸ ಮಾತ್ರ ಬೇಡ, ಬ್ರೌಸರ್ ರಿಪೇರಿ ಆದ್ರೂ ಕೆಳಗಿನ ವಿಂಡೋಸ್ ತೂತು ಹಾಗೇ ಉಂಟು. ಬ್ಯಾಂಕ್‌ಗೆ ಫೋನ್ ಸಾಕು.

ಸೀಸನ್ ಆದ್ಮೇಲೆ ಬೇರೆ ಎಸ್ಎಸ್‌ಡಿ ತಗೊಳ್ಳಿ, ಹಳೇ ಡಿಸ್ಕ್ ಬಿಚ್ಚಿ ಹುಷಾರಾಗಿ ಇಡಿ, ಹೊಸದಕ್ಕೆ ಮಿಂಟ್ ಹಾಕಿ. ಅದರ ಒಳಗೆ ವರ್ಚುವಲ್‌ಬಾಕ್ಸ್, ಅಂದ್ರೆ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಪ್ರೋಗ್ರಾಂ, ವರ್ಚುವಲ್‌ಬಾಕ್ಸ್ ಒಳಗೆ ನಿಮ್ಮ ವಿಂಡೋಸ್ 7 32 ಬಿಟ್, ಪೇಜ್‌ಮೇಕರ್. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಟಿಕ್ ತೆಗೀರಿ, ಇಂಟರ್ನೆಟ್ ಇಲ್ಲದ ಮೇಲೆ ಹೊರಗಿನಿಂದ ಬರುವ ಭಯ ಬಹಳ ಕಡಿಮೆ. ಡಾಂಗಲ್ ಯುಎಸ್‌ಬಿ ಅಂದ್ರಿ ಅಲ್ವಾ, ಯುಎಸ್‌ಬಿ ಫಿಲ್ಟರ್‌ನಲ್ಲಿ ಅದನ್ನು ಸೇರಿಸಿದ್ರೆ ಒಳಗಿನ ವಿಂಡೋಸ್‌ಗೆ ಕಾಣ್ತದೆ. ಹಳೇ ಪ್ರಿಂಟರ್ ಪೋರ್ಟಿನ ಡಾಂಗಲ್ ಆಗಿದ್ರೆ ಕಷ್ಟ ಇತ್ತು. ಬ್ರೌಸರ್, ಮೇಲ್ ಎಲ್ಲ ಹೊರಗೆ ಮಿಂಟ್‌ನಲ್ಲಿ, ಮ್ಯಾಟರ್ ಒಳಗೆ ಕಳಿಸ್ಲಿಕ್ಕೆ ಒಂದು ಶೇರ್ಡ್ ಫೋಲ್ಡರ್. ಮೆಮೊರಿ ಎಷ್ಟುಂಟು?

ಹಾವೇರಿ_ಡಿಟಿಪಿ:
4 ಜಿಬಿ.

ಲ್ಯಾಬ್_ಇನ್ಚಾರ್ಜ್_ದಾವಣಗೆರೆ:
8 ಮಾಡಿ ಸರ್, ಡಿಡಿಆರ್3 ಸೆಕೆಂಡ್ ಹ್ಯಾಂಡ್ ಕಮ್ಮಿಗೆ ಸಿಗುತ್ತೆ. 4ರಲ್ಲಿ ಎರಡು ಓಎಸ್ ಒಟ್ಟಿಗೆ ಒದ್ದಾಡುತ್ತೆ. ಒಳಗಿನ ವಿಂಡೋಸ್‌ಗೆ 2 ಕೊಡಿ ಸಾಕು.

ಅಕ್ಷರ_ಪ್ರೇಮಿ:
ಅದ್ರ ಜೊತೆ ಫಾಂಟ್ ಫೋಲ್ಡರ್, ಇನ್‌ಸ್ಟಾಲರ್ ಸಿಡಿ, ಡಾಂಗಲ್ ಡ್ರೈವರ್ ಮೂರನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ. ವರ್ಚುವಲ್ ಮಶೀನ್ ಒಂದ್ಸಲ ಸರಿಯಾಗಿ ನಡೆದ ಮೇಲೆ ಅದರ ಫೋಲ್ಡರನ್ನೂ ಕಾಪಿ ಮಾಡಿ ಇಡಿ, ಮುಂದೆ ಬೇರೆ ಪಿಸಿ ತಗೊಂಡ್ರೂ ಅದನ್ನೇ ಎತ್ತಿ ಹಾಕಬಹುದು.

ಹಾವೇರಿ_ಡಿಟಿಪಿ:
ಆಯ್ತ್ರೀ, ಲಗ್ನದ ಕೆಲಸ ಮುಗದ ಮ್ಯಾಲೆ ಕೂಡ್ತೀನಿ. ಒಂದ ಉಳೀತು, ಲೇಸರ್ ಪ್ರಿಂಟರ್ ಹಳೇದು, ಮಿಂಟ್‌ಗೆ ಅದರ ಡ್ರೈವರ್ ಸಿಗಲಿಲ್ಲ ಅಂದ್ರ?

ಕರಾವಳಿ_ಕೋಡರ್:
ಎರಡು ದಾರಿ ಉಂಟು. ಪ್ರಿಂಟರ್ ಯುಎಸ್‌ಬಿ ಆದ್ರೆ ಡಾಂಗಲ್ ಹಾಗೇ ಅದನ್ನೂ ಒಳಗಿನ ವಿಂಡೋಸ್‌ಗೇ ಕೊಟ್ಟುಬಿಡಿ, ನಿಮ್ಮ ಹಳೇ ಡ್ರೈವರ್ ಅಲ್ಲೇ ನಡೀತದೆ. ಇಲ್ಲದಿದ್ರೆ ಪೇಜ್‌ಮೇಕರ್‌ನಿಂದ ಪೋಸ್ಟ್‌ಸ್ಕ್ರಿಪ್ಟ್ ಅನ್ನುವ ಪ್ರಿಂಟ್ ಫೈಲ್ ಮಾಡಿ ಶೇರ್ಡ್ ಫೋಲ್ಡರ್‌ಗೆ ಹಾಕಿ, ಮಿಂಟ್‌ನಲ್ಲಿ ಗೋಸ್ಟ್‌ಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಂ ಅದನ್ನು ಪಿಡಿಎಫ್ ಮಾಡ್ತದೆ, ಫಾಂಟ್ ಎಂಬೆಡ್ ಆಗಿದೆಯಾ ಅಂತ ನೋಡಿ ಪ್ರೆಸ್‌ಗೆ ಅದನ್ನೇ ಕಳಿಸಬಹುದು. ಪ್ರಿಂಟರ್ ಮಾಡೆಲ್ ನಂಬರ್ ಇಲ್ಲಿ ಹಾಕಿ, ಡ್ರೈವರ್ ಉಂಟಾ ನೋಡಿ ಹೇಳ್ತೇನೆ.